ಮೆಕ್ಯಾನಿಕ್ ಮುಂದೆ ಕೆಡದ ಬೈಕು

ಬೈಕು ರಸ್ತೆಯ ನಟ್ಟನಡುವೆ ಬಿದ್ದಿತ್ತು. ಸವಾರ ಆಚೆ ಚರಂಡಿಯ ಅಂಚಿನಲ್ಲಿದ್ದ. ಉಸಿರಿತ್ತು, ಎಚ್ಚರವಿರಲಿಲ್ಲ.

"ನನ್ ತಪ್ಪೇನಿಲ್ಲ ಸಾರ್. ಗಲ್ಲಿಯಿಂದ ಬಂದ, ಬಲಕ್ಕೆ ತಿರುಗ್ದ, ಮಧ್ಯದಲ್ಲೇ ನಿಂತ್ಬಿಟ್ಟ. ದಾಟ್ಕೋತಾನೆ ಅಂದ್ಕೊಂಡೆ," ಎಂದು ಅವನಿಗೆ ಗುದ್ದಿದ್ದ ವ್ಯಾನಿನವನು ಅದನ್ನೇ ಬಡಬಡಿಸುತ್ತಿದ್ದ.

ಆಂಬುಲೆನ್ಸ್ ಹೋದ ಮೇಲೆ ನಾನು ಬೈಕನ್ನು ಎತ್ತಿ ನಿಲ್ಲಿಸಿದೆ. ಹಿಂದಿನ ಮಡ್‌ಗಾರ್ಡ್ ನಜ್ಜುಗುಜ್ಜಾಗಿತ್ತು. ಸುಮ್ಮನೆ ಬಟನ್ ಒತ್ತಿದೆ. ಒಂದೇ ಸಲಕ್ಕೆ ಶುರುವಾಯಿತು. ಲೈಟು ಹತ್ತಿತು, ಹಾರ್ನ್ ಕೂಗಿತು.

"ಇಷ್ಟು ಚೆನ್ನಾಗಿರೋ ಗಾಡಿ ರಸ್ತೆ ಮಧ್ಯ ಯಾಕ್ರೀ ನಿಲ್ಲುತ್ತೆ?" ಎಂದರು ನಮ್ಮ ಸಬ್ ಇನ್‌ಸ್ಪೆಕ್ಟರ್ ಮೇಡಂ.

ನಾನು ಅವರ ಕೈಕೆಳಗಿನ ಮುಖ್ಯಪೇದೆ. ಠಾಣೆಯಲ್ಲಿ ಅವರಿಗೆ ನಾವಿಟ್ಟ ಹೆಸರು ಅನುಮಾನದಮ್ಮ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಅವರಿಗೆಂದೇ ಹುಟ್ಟಿರಬೇಕು. ಬೈಕನ್ನು ಠಾಣೆಗೆ ಸಾಗಿಸಲು ಹೇಳಿದರು. ಅಪಘಾತದ ಕಾಗದ ಬರೆದು ಕೈತೊಳೆದುಕೊಳ್ಳೋಣ ಎಂದುಕೊಂಡಿದ್ದ ನನ್ನ ಆಸೆ ಅಲ್ಲಿಗೇ ಮುಗಿಯಿತು.

*

ಆಸ್ಪತ್ರೆಯಲ್ಲಿ ಸವಾರನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಅವನ ಅಣ್ಣ ಕೂಗಾಡುತ್ತಿದ್ದ.

"ಈ ತಿಂಗಳಲ್ಲಿ ಮೂರು ಸಲ ನಿಂತಿದೆ ಮೇಡಂ ಈ ಗಾಡಿ! ಮೂರು ಸಲಾನೂ ಇವಳಪ್ಪನ ಹತ್ರಾನೇ ರಿಪೇರಿ. ಆ ಮುದುಕನ್ನ ಒಳಗೆ ಹಾಕಿ!"

ಅಪ್ಪ ಎಂದರೆ ಕಾರಿಡಾರಿನ ಆ ಕೊನೆಯಲ್ಲಿ ಎಣ್ಣೆ ಮೆತ್ತಿದ ಅಂಗಿಯಲ್ಲಿ ನಿಂತಿದ್ದ ಮೆಕ್ಯಾನಿಕ್. ಮಗಳು ಅತ್ತ ತಿರುಗಿಯೂ ನೋಡಲಿಲ್ಲ.

"ಸರಿಯಾಗಿದೆ ಹೋಗು ಅಂದ್ರು ಅಪ್ಪ. ಇವ್ರು ನಂಬಿ ಹೋದ್ರು," ಎಂದಳು ನಮಗೆ. "ಇವ್ರಿಗೇನಾದ್ರೂ ಆದ್ರೆ ನಂಗೆ ಅಪ್ಪ ಇಲ್ಲ ಅಂದ್ಕೋತೀನಿ."

ಆ ಮಾತು ಮುದುಕನಿಗೆ ಕೇಳಿಸಿತು. ನೋಡಲಾಗದೆ ನಾನು ಮುಖ ತಿರುಗಿಸಿಕೊಂಡೆ.

ಅಷ್ಟರಲ್ಲಿ ಸವಾರನ ಗೆಳೆಯ ಫ್ಲಾಸ್ಕ್ ಹಿಡಿದು ಬಂದ. ಇಬ್ಬರೂ ಒಂದೇ ಕೊರಿಯರ್ ಕಚೇರಿಯವರು, ಜೋಡೆತ್ತು ಎಂದೇ ಹೆಸರಾದವರು. "ಅತ್ತಿಗೆ, ಒಂದು ಗುಟುಕು ಚಹಾ ಕುಡೀರಿ," ಎಂದು ಬಲವಂತ ಮಾಡಿದ. ಆಮೇಲೆ ನಮ್ಮ ಕಡೆ ತಿರುಗಿ ದನಿ ತಗ್ಗಿಸಿದ. "ಪಾಪ, ಬೇಕಂತ ಮಾಡಿದ್ದಲ್ಲ ಮೇಡಂ. ವಯಸ್ಸಾಯ್ತು, ಕಣ್ಣು ಮಂಜು. ಮೂರು ಸಲಾನೂ ಅಂಗಡಿಗೆ ನಾನೇ ಜೊತೆಗೆ ಹೋಗಿದ್ದೆ. ಅವರಿಗೆ ಗೊತ್ತಾಗಲಿಲ್ಲ."

ಎಂಥ ಒಳ್ಳೆಯ ಹುಡುಗ ಎಂದುಕೊಂಡೆ.

*

ಮೆಕ್ಯಾನಿಕ್ ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದು. ಒಂದು ಬೈಕು ನಿಂತರೆ ಪಕ್ಕದಲ್ಲಿ ಮನುಷ್ಯ ಅಡ್ಡಡ್ಡ ನಡೆಯಬೇಕು.

"ಬ್ಯಾಟರಿ ಹೊಸದು ಹಾಕ್ದೆ. ಪ್ಲಗ್ ಬದಲಾಯಿಸ್ದೆ. ಫ್ಯೂಸ್ ನೋಡ್ದೆ," ಎಂದು ಮುದುಕ ಸಿಡಿದ. "ನನ್ ಮುಂದೆ ಒಂದ್ಸಲಾನೂ ನಿಲ್ಲಲಿಲ್ಲ. ಕೆಡದೇ ಇರೋದನ್ನ ಏನಂತ ರಿಪೇರಿ ಮಾಡ್ಲಿ?"

"ಅಳಿಯನ ಮೇಲೆ ಸಿಟ್ಟಿತ್ತಾ?"

"ಇತ್ತು. ನನ್ನ ಒಂದು ಮಾತು ಕೇಳದೆ ಮದುವೆಯಾದ್ರು. ಎರಡು ವರ್ಷ ಮಾತಿರಲಿಲ್ಲ. ಗಾಡಿ ಕೆಟ್ಟ ಮೇಲೇ ಅವನು ನನ್ ಬಾಗಿಲಿಗೆ ಬಂದಿದ್ದು."

ನಾನು ಮೇಡಂ ಕಡೆ ಕಣ್ಣು ಮಿಟುಕಿಸಿದೆ. ತಾನೇ ಗುಂಡಿ ತೋಡಿಕೊಳ್ಳುತ್ತಿದ್ದಾನಲ್ಲ! ನನ್ನ ಸ್ಕೂಟರನ್ನು ವರ್ಷವಿಡೀ ಕೆಡಿಸಿಟ್ಟ ಮೆಕ್ಯಾನಿಕ್‌ಗಳ ಮೇಲೆ ನನಗೆ ಮೊದಲೇ ಕೆಂಡದಂಥ ಕೋಪ.

ಮೇಡಂ ಗೋಡೆ ನೋಡುತ್ತಿದ್ದರು. "ಗಾಡಿ ಹೇಗೆ ನಿಲ್ಲಿಸ್ತೀರಿ?"

"ಹೀಗೇ, ಬಲಗೋಡೆಗೆ ಒತ್ತಿ. ಇನ್ನೆಲ್ಲಿದೆ ಜಾಗ?"

ಅವರು ತಲೆಯಾಡಿಸಿ ಹೊರಟರು. ದೊಡ್ಡ ಸಾಹೇಬರು ಆಗಲೇ ಫೋನ್ ಮಾಡಿದ್ದರು. ನಾಳೆ ಸಂಜೆಯೊಳಗೆ ಮುದುಕನನ್ನು ಬಂಧಿಸಿ ಎಂದಿದ್ದರು.

*

ಮಾರನೆಯ ಬೆಳಗ್ಗೆ ಠಾಣೆಯ ಅಂಗಳದಲ್ಲಿ ಮೇಡಂ ತೋಳು ಮಡಚಿದರು.

"ಬಂದು ಹೋಗೋ ತೊಂದರೆಗೆ 'ಏನು' ಅಂತ ಕೇಳಬಾರದು ಕಣ್ರೀ. 'ಯಾವಾಗ' ಅಂತ ಕೇಳಬೇಕು. ಬಿಸಿಯಾದಾಗಲಾ?"

ಎಂಜಿನ್ ಕೈ ಸುಡುವಷ್ಟು ಕಾಯುವವರೆಗೆ ಓಡಿಸಿದೆವು. ನಿಲ್ಲಲಿಲ್ಲ.

"ನೆನೆದಾಗಲಾ?" ಪೈಪ್ ಹಿಡಿದು ನೀರು ಬಿಟ್ಟೆವು. ನಿಲ್ಲಲಿಲ್ಲ. ನನ್ನ ಪ್ಯಾಂಟು ನೆನೆಯಿತು.

"ಕುಲುಕಿದಾಗಲಾ?" ಸೀಟಿನ ಮೇಲೆ ಕೂತು ಕುಪ್ಪಳಿಸಿದೆ. ಕಿಟಕಿಯಿಂದ ಇಡೀ ಠಾಣೆ ನಕ್ಕಿತು. ಬೈಕು ಮಾತ್ರ ನಿಲ್ಲಲಿಲ್ಲ.

ಮೇಡಂ ಹ್ಯಾಂಡಲ್ ಹಿಡಿದು ಪೂರ್ತಿ ಎಡಕ್ಕೆ ತಿರುಗಿಸಿದರು. ಓಡುತ್ತಲೇ ಇತ್ತು. ಪೂರ್ತಿ ಬಲಕ್ಕೆ ತಿರುಗಿಸಿದರು. ಎಂಜಿನ್ ಸತ್ತಿತು. ಲೈಟಿಲ್ಲ, ಹಾರ್ನಿಲ್ಲ. ಹ್ಯಾಂಡಲ್ ನೇರ ಮಾಡಿ ಬಟನ್ ಒತ್ತಿದರೆ ಮತ್ತೆ ಜೀವ!

ಟ್ಯಾಂಕ್ ಎತ್ತಿದೆವು. ಹ್ಯಾಂಡಲ್ ಬುಡದಲ್ಲಿ ತಂತಿಗಳ ಕಟ್ಟು ಬಾಗುವ ಕಡೆ ಹಳೆಯ ಟೇಪೆಲ್ಲ ಧೂಳು ಹಿಡಿದಿತ್ತು. ನಡುವೆ ಒಂದು ಗೇಣು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಅದನ್ನು ಬಿಚ್ಚಿದರೆ ಬ್ಯಾಟರಿಯಿಂದ ಬರುವ ದಪ್ಪ ಕೆಂಪು ತಂತಿ ಎರಡು ತುಂಡಾಗಿತ್ತು. ತುದಿಗಳು ಒಂದಕ್ಕೊಂದು ಬರೀ ತಾಗಿಕೊಂಡಿದ್ದವು.

"ಸವೆದು ಹರಿದಿದ್ರೆ ಎಳೆಗಳು ಒಂದು ಉದ್ದ, ಒಂದು ಗಿಡ್ಡ ಇರ್ತಿದ್ವು," ಎಂದರು ಮೇಡಂ. "ಇದು ಬ್ಲೇಡಲ್ಲಿ ಕೊಯ್ದಿದ್ದು. ಪೂರ್ತಿ ಬಲಕ್ಕೆ ತಿರುಗಿದ್ರೆ ಎಳೆದು ಬಿಟ್ಕೊಳ್ಳುತ್ತೆ. ನೇರ ಆದ್ರೆ ಮತ್ತೆ ತಾಗುತ್ತೆ."

"ಮುದುಕನ್ನ ಎಳ್ಕೊಂಡ್ ಬರ್ಲಾ?"

"ಮೂವರನ್ನೂ ಕರೀರಿ. ಬೈಕ್ ಮುಟ್ಟೋ ಅವಕಾಶ ಇದ್ದಿದ್ದು ಮೂವರಿಗೆ. ಅಣ್ಣ ಒಂದೇ ಮನೇಲಿದ್ದಾನೆ. ಕೊರಿಯರ್ ಕಚೇರೀಲಿ ಎಲ್ಲರ ಗಾಡಿ ಕೀಲಿ ಒಂದೇ ಹಲಗೆ ಮೇಲೆ ನೇತಾಡುತ್ತೆ. ಬೆಳಗ್ಗೆ ಹೋಗಿ ನೋಡ್ಕೊಂಡ್ ಬಂದೆ. ಅಡ್ಡ ಇದ್ದ ಗಾಡೀನ ಗೆಳೆಯ ಸರಿಸಿದ್ರೆ ಯಾರೂ ಕೇಳಲ್ಲ."

ಬಿಚ್ಚಿದ ಟೇಪನ್ನು ಪೊಟ್ಟಣಕ್ಕೆ ಹಾಕಿದರು. ತಂತಿಯನ್ನು ಜೋಡಿಸದೆ, ಇದ್ದ ಹಾಗೇ ತಾಗಿಸಿ ಬೇರೆ ಟೇಪು ಸುತ್ತಿದರು.

*

ಮೂವರನ್ನೂ ಬೇರೆಬೇರೆ ಕೋಣೆಯಲ್ಲಿ ಕೂರಿಸಿದೆ. ಒಬ್ಬೊಬ್ಬರನ್ನೇ ಹೊರಗೆ ಕರೆದು ಹೇಳಿದ್ದು ಒಂದೇ ಮಾತು. "ಗೇಟಿನ ಹತ್ರ ಇರೋ ಬೈಕನ್ನ ಓಡಿಸ್ಕೊಂಡು ಬಂದು ಆ ಶೆಡ್ಡಲ್ಲಿ ನಿಲ್ಸಿ." ಶೆಡ್ಡು ಗೇಟಿನ ಬಲಕ್ಕೇ ಇದೆ. ಒಂದು ಗಕ್ಕನೆ ತಿರುವು, ಅಷ್ಟೇ.

ಅಣ್ಣ ಬಲಕ್ಕೆ ತಿರುಗಿಸಿದ. ಬೈಕು ನಿಂತಿತು. "ಥೂ, ದರಿದ್ರ ಗಾಡಿ!" ಎಂದು ಒದ್ದ.

ಮೆಕ್ಯಾನಿಕ್ ಬಲಕ್ಕೆ ತಿರುಗಿಸಿದ. ಬೈಕು ನಿಂತಿತು. ಮುದುಕನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹ್ಯಾಂಡಲ್ ಆಡಿಸಿ ನೋಡಿದ. ಮತ್ತೊಮ್ಮೆ ಆಡಿಸಿ ಅಲ್ಲೇ ನೆಲದ ಮೇಲೆ ಕುಸಿದು ಕೂತ.

ಗೆಳೆಯ ಬೈಕು ಹತ್ತಿದ. ಎಡಕ್ಕೆ ಹೊರಟ. ಠಾಣೆಯ ಹಿಂದೆ ಗುಜರಿ ಗಾಡಿಗಳ ಆಚೆಯಿಂದ ಹಾದು, ಎಲ್ಲೂ ಗಕ್ಕನೆ ಹೊರಳಿಸದೆ, ಇಡೀ ಕಟ್ಟಡಕ್ಕೆ ಅಗಲವಾಗಿ ಸುತ್ತು ಹಾಕಿ ಶೆಡ್ಡಿಗೆ ಬಂದ. ಬೈಕು ಎಲ್ಲೂ ನಿಲ್ಲಲಿಲ್ಲ.

"ಚೆನ್ನಾಗೇ ಓಡ್ತಿದೆಯಲ್ಲ ಮೇಡಂ," ಎಂದ.

"ಹೌದಲ್ವಾ? ಹಾಗಾದ್ರೆ ಇಲ್ಲಿಂದ ಬಲಕ್ಕೆ ಹೊರಳಿಸಿ ರಸ್ತೆಗೆ ಇಳಿಸಿ. ಹಿಂದೆ ನಾನು ಕೂತ್ಕೋತೀನಿ."

ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವನು ಅವುಗಳನ್ನು ನೋಡಿದ. ಎಂಜಿನ್ ಆರಿಸಿ ಕೆಳಗಿಳಿದ. ಹಣೆ ಬೆವರಿತ್ತು.

"ತಳ್ಕೊಂಡ್ ಹೋಗ್ತೀನಿ ಮೇಡಂ."

"ಯಾಕಪ್ಪಾ? ಚೆನ್ನಾಗಿ ಓಡೋ ಗಾಡೀನ ಯಾರಾದ್ರೂ ತಳ್ತಾರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ಹೆಗಲೇ ಬಿಚ್ಚಿಟ್ಟಿದ್ದ.

ಮೇಡಂ ಉಳಿದಿಬ್ಬರನ್ನೂ ಅಲ್ಲಿಗೇ ಕರೆಸಿದರು.

"ಗೊತ್ತಿಲ್ಲದವರು ಹತ್ತಿರದ ದಾರಿ ಹಿಡಿದ್ರು. ಗಕ್ಕನೆ ಬಲಕ್ಕೆ ತಿರುಗಿದ್ರೆ ನಿಲ್ಲುತ್ತೆ ಅಂತ ಗೊತ್ತಿದ್ದವನು ಸುತ್ತಿ ಬಂದ. ಮಾವನ ಅಂಗಡೀಲಿ ಗೋಡೆ ಅಡ್ಡ ಬರುತ್ತೆ, ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಲ್ಲ, ದೋಷ ಸಿಗೋದೇ ಇಲ್ಲ. ಜೊತೆಗೆ ಹೋಗಿ ನಿಂತು ನೋಡಿದವನಿಗೆ ಅದೂ ಗೊತ್ತು. ಟೇಪಿನ ಅಂಟಲ್ಲಿ ಒಂದು ಹೆಬ್ಬೆರಳ ಗುರುತಿದೆ ಕಣಪ್ಪಾ. ನಿನ್ನ ಕೈ ಕೊಡ್ತೀಯಾ?"

ಅವನು ಕೈ ಕೊಡಲಿಲ್ಲ. ಮುಖ ಮುಚ್ಚಿಕೊಂಡ.

"ಸಾಯಿಸ್ಬೇಕು ಅಂತಿರಲಿಲ್ಲ ಮೇಡಂ. ಸೂಪರ್‌ವೈಸರ್ ಜಾಗ ಒಂದೇ ಇತ್ತು. ತಿಂಗಳಲ್ಲಿ ಮೂರು ಸಲ ತಡವಾದ್ರೆ ಹೆಸರು ಕೈಬಿಡ್ತಾರೆ. ತಡ ಆಗ್ಲಿ ಅಂತಷ್ಟೇ…"

"ಮೂರು ಸಲ ಆಗಿತ್ತಲ್ಲ. ಆಮೇಲೆ ತಂತಿ ಯಾಕೆ ಜೋಡಿಸಲಿಲ್ಲ?"

ಅವನು ಮುಖದಿಂದ ಕೈ ತೆಗೆದ.

"ನಾಳೆ ಜೋಡಿಸೋಣ ಅಂದ್ಕೊಂಡಿದ್ದೆ," ಎಂದ.

ಅಣ್ಣ ಅವನ ಮೇಲೆ ಎಗರಿದ. ತಡೆದು ಹಿಡಿಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನಿಜ ಹೇಳಬೇಕೆಂದರೆ ತಡೆಯಲು ನನಗೆ ಮನಸ್ಸೂ ಇರಲಿಲ್ಲ.

*

ಸುದ್ದಿಯನ್ನು ನಾನೇ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿದೆ. ಸವಾರನ ಹೆಂಡತಿ ಆಟೋ ಹಿಡಿದು ಬಂದಳು. ಅಪ್ಪ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವಳು ಹೋಗಿ ಎದುರು ನಿಂತಳು.

"ಒಂದ್ಸಲ ಹೊರಗೆ ತಂದು ತಿರುಗಿಸಿ ನೋಡ್ಬೇಕಿತ್ತು ಮಗಾ," ಎಂದ ಮುದುಕ. "ನಾನು ನೋಡ್ಲಿಲ್ಲ."

"ಊಟ ಮಾಡಿದ್ಯಾ ಅಪ್ಪಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಅಷ್ಟು ಜನ ಪೊಲೀಸರ ಮುಂದೆ ಬಿಕ್ಕಿಬಿಕ್ಕಿ ಅತ್ತ.

"ಏಳು," ಎಂದು ಅವಳು ಅವನ ತೋಳು ಹಿಡಿದಳು. "ಅವ್ರು ಕಣ್ಣು ಬಿಟ್ಟಿದ್ದಾರೆ. ಮಾವ ಎಲ್ಲಿ ಅಂತ ಕೇಳ್ತಿದ್ದಾರೆ."