ಆಯಿಯ ಹಾಡಿನ ಫೇರ್ ಕಾಪಿ

“ಇದು ಯಾರ ಹಾಡವ್ವ?” ಎಂದು ಕೇಳಿದಳು ಆಯಿ.

ಲುಂಬಿನಿ ಓದುವುದನ್ನು ನಿಲ್ಲಿಸಿದಳು. “ನಿಂದೇ ಆಯಿ! ಐತವಾರ ನೀ ಹಾಡಿದ್ದಿ, ನಾ ಬರಕೊಂಡಿದ್ದೆ.”

“ಇನ್ನೊಮ್ಮಿ ಓದು.”

“ಒಲೆಯ ಮುಂದೆ ಕುಳಿತವಳು, ಹೊಗೆಯನ್ನೆಲ್ಲಾ ನುಂಗಿದವಳು, ಹಸಿದವರ ಮುಖವನ್ನು ಓದಿದವಳು...”

ಹಾಡಲು ಆಯಿ ಬಾಯಿ ತೆರೆದಳು. ದನಿ ಹೊರಡಲಿಲ್ಲ. ತೊಗರಿಬೇಳೆ ಆರಿಸುತ್ತಿದ್ದ ಕೈ ಮೊರದ ಮೇಲೆ ಹಾಗೇ ನಿಂತಿತು.

ಆಯಿ ಎಂದರೆ ಲುಂಬಿನಿಯ ಅಜ್ಜಿ, ಹಣಮವ್ವ. ಮಳಖೇಡದ ಶಾಲೆಯಲ್ಲಿ ಹದಿನೆಂಟು ವರ್ಷ ಬಿಸಿಯೂಟದ ಅಡುಗೆ ಮಾಡಿದವಳು. ವಯಸ್ಸಿನಲ್ಲಿದ್ದಾಗ ಕಳೆ ತೆಗೆಯಲು ಹೋದ ಹೊಲದಲ್ಲೆಲ್ಲ ಹಾಡು ಕಟ್ಟುತ್ತಿದ್ದಳಂತೆ. ಶಾಲೆಯ ಅಡುಗೆಮನೆ ಸೇರಿದ ಮೇಲೆ ಅದು ನಿಂತುಹೋಯಿತು. ಹೋದ ವರ್ಷ ರಿಟೈರ್ ಆದಳು. ಕೆಲವು ತಿಂಗಳು ಸುಮ್ಮನೆ ಕುಳಿತಿದ್ದವಳ ಬಾಯಿಗೆ ಒಂದು ದಿನ ತಾನಾಗಿಯೇ ಹಾಡು ಬಂತು.

ಆದರೆ ಮೊದಲಿನ ನೆನಪು ಈಗಿಲ್ಲ. ಮುಂಜಾನೆ ಕಟ್ಟಿದ್ದು ಸಂಜೆಗೆ ಮರೆತುಹೋಗುತ್ತಿತ್ತು. ಆಯಿಗೆ ಅಕ್ಷರ ಬಾರದು. ಹಾಗಾಗಿ ಐದನೇ ಕ್ಲಾಸಿನ ಲುಂಬಿನಿಯೇ ಬರೆದುಕೊಳ್ಳುತ್ತಿದ್ದಳು.

ಈ ಹಾಡು ಖುರ್ಷಿದಬೇಗಂ ಅವರಿಗಾಗಿ ಕಟ್ಟಿದ್ದು. ಅಷ್ಟೂ ವರ್ಷ ಆಯಿಯ ಜೊತೆ ಒಂದೇ ಅಡುಗೆಮನೆಯಲ್ಲಿ ದುಡಿದ ಗೆಳತಿ. ನಾಳೆ ಅವರೂ ರಿಟೈರ್. ಶಾಲೆಯಲ್ಲಿ ಸಣ್ಣ ಕಾರ್ಯಕ್ರಮವಿತ್ತು.

“ನೀ ಹೇಳಿದಂಗ ಬರದ್ರ ತಪ್ಪಾಗ್ತದ ಆಯಿ,” ಎಂದಳು ಲುಂಬಿನಿ. “ನೋಟ್‌ಬುಕ್ಕಿನಾಗ ಹಂಗ ಬರದ್ರ ಟೀಚರ್ ಗೆರಿ ಹೊಡಿತಾರ. ಅದಕ್ಕ ಫೇರ್ ಕಾಪಿ ಮಾಡೂಮುಂದ ಎಲ್ಲಾ ಸರಿ ಮಾಡ್ದೆ.”

“ಮೊದಲಿಂದು ಎಲ್ಲದ?”

“ಹರದು ಒಗದೆ.”

ಆಯಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಲುಂಬಿನಿಗೆ.

ಅವಳು ಹೊಸ ಹಾಳೆ ತೆಗೆದು ಆಯಿಯ ಪಕ್ಕ ಕುಳಿತಳು. “ನೀ ಬ್ಯಾಳಿ ಕೇರು ಆಯಿ. ನಾ ಒಂದೊಂದೇ ಮಾತು ಹೇಳ್ತೀನಿ. ನಿಂದು ನೆಪ್ಪಾಗ್ತದೇನು ನೋಡು.”

ಮೊರ ಮೇಲೆ ಕೆಳಗೆ ಆಡತೊಡಗಿತು. ‘ಒಲೆಯ ಮುಂದೆ’ ಎಂದಳು ಲುಂಬಿನಿ. ಆಯಿ ಕಣ್ಣು ಮುಚ್ಚಿದಳು. ಆಮೇಲೆ ಮೊರದ ತಾಳಕ್ಕೆ ದನಿ ಕೂಡಿತು.

“ಒಲಿ ಮುಂದ ಕುಂತಾಕಿ, ಹೊಗಿಯೆಲ್ಲ ನುಂಗಿದಾಕಿ,
ಹಸದಾವ್ರ ಮಾರಿ ಓದಿದಾಕಿ – ನನ ಗೆಳತಿ...”

ಲುಂಬಿನಿ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಳು. ಒಂದೊಂದೇ ಸಾಲು ಮನೆಗೆ ಮರಳಿತು. ಉಳಿದದ್ದು ಕೊನೆಯದು.

“ನಿನಗೆ ನಮ್ಮ ಕೋಟಿ ವಂದನೆ,” ಎಂದು ಓದಿದಳು.

ಆಯಿ ತಲೆಯಾಡಿಸಿದಳು. “ಇದು ನನ್ನ ಬಾಯಾಗಿಂದಲ್ಲ.”

ಲುಂಬಿನಿಯ ಮುಖ ಸಣ್ಣದಾಯಿತು. “ನಿಂದು ನನಗ ತಿಳೀಲಿಲ್ಲ ಆಯಿ. ಅದಕ್ಕ... ನಾನೇ ಒಂದು ಹಾಕ್ದೆ.”

ಇಬ್ಬರೂ ಭಾಳ ಹೊತ್ತು ಹುಡುಕಿದರು. ಹೊಗೆಯ ಮಾತಿತ್ತೇ? ಕೈಬಳೆಯದೇ? ಬೇಳೆ ಕೇರಿ ಮುಗಿಯಿತು. ಸಾಲು ಬರಲಿಲ್ಲ.

ಮರುದಿನ ಶಾಲೆಯ ಅಂಗಳದಲ್ಲಿ ಖುರ್ಷಿದಬೇಗಂ ಕುರ್ಚಿಯ ತುದಿಗೆ ನಾಚಿಕೊಂಡು ಕುಳಿತಿದ್ದರು. ಲುಂಬಿನಿ ಹಾಳೆ ಹಿಡಿದು ಒಂದೊಂದೇ ಸಾಲನ್ನು ಮೆಲ್ಲಗೆ ಎತ್ತಿಕೊಟ್ಟಳು. ಆಯಿ ಹಾಡಿದಳು. ‘ಹಸದಾವ್ರ ಮಾರಿ ಓದಿದಾಕಿ’ ಎಂದಾಗ ಖುರ್ಷಿದಬೇಗಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕೊನೆಯ ಸಾಲಿನ ಸರದಿ ಬಂತು. ಲುಂಬಿನಿ ಹಾಳೆಯಿಂದ ಕಣ್ಣೆತ್ತಿ ಆಯಿಯನ್ನು ನೋಡಿದಳು. ಆಯಿ ನಿಲ್ಲಲಿಲ್ಲ. ಮಾತಿಲ್ಲದೆ ಬರೀ ದನಿ ಎಳೆದಳು, ಮೆಲ್ಲಗೆ, ಉದ್ದಕ್ಕೆ. ಖುರ್ಷಿದಬೇಗಂ ಕೂಡ ಕಣ್ಣು ಮುಚ್ಚಿ ಅದೇ ದನಿ ಗುನುಗಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. “ಕೊನಿಗಿ ರಾಗ ಎಳದ್ರಲ್ಲ, ಅದು ಭಾಳ ಛಲೋ ಇತ್ತು ನೋಡ್ರಿ!” ಎಂದರು ಹೆಡ್‌ಮಾಸ್ತರು.

ಆಯಿ ನಕ್ಕಳು.

ಲುಂಬಿನಿ ಹಾಳೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ರಾಗ ಎಳೆದ ಜಾಗದಲ್ಲಿ ಮೊದಲು ಒಂದು ಸಾಲಿತ್ತು ಎಂಬುದು ಆ ಅಂಗಳದಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು.