ಯಾರೂ ಓದದ ಹಾಳೆ

ಹನ್ನೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತವನಿಗೆ ತನ್ನ ಕುರ್ಚಿಯ ಮೇಲೆ ಸಿಟ್ಟು ಬರುವುದಿಲ್ಲ, ಪಕ್ಕದ ಕುರ್ಚಿಯ ಮೇಲೆ ಬರುತ್ತದೆ. ವಿಶ್ವವಿದ್ಯಾಲಯದ ಕ್ಯಾನ್ಸರ್ ಕೇಂದ್ರದಲ್ಲಿ ಅವನನ್ನು ಎಲ್ಲರೂ ಬುಲೆಟಿನ್ ಸರ್ ಎನ್ನುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ‘ಸಂಶೋಧನಾ ಸುದ್ದಿ ಮತ್ತು ಅವಕಾಶಗಳು’ ಎಂಬ ಆರು ಪುಟಗಳ ಬುಲೆಟಿನ್ ಸಿದ್ಧಮಾಡಿ ಮುನ್ನೂರ ನಲವತ್ತು ಜನರಿಗೆ ಈಮೇಲ್ ಮಾಡುವುದು, ನಿಯಮದ ಪ್ರಕಾರ ಒಂದೇ ಒಂದು ಪ್ರತಿ ಮುದ್ರಿಸಿ ಮುಂಬಾಗಿಲ ಫಲಕಕ್ಕೆ ಅಂಟಿಸುವುದು ಅವನ ಕೆಲಸ. ಯಾರಿಗೆ ಯಾವ ಅನುದಾನ ಬಂತು, ಯಾವ ಔಷಧಿಗೆ ಯಾವ ಇಲಿ ಬದುಕಿತು, ಎಲ್ಲಿ ಯಾವ ಹುದ್ದೆ ಖಾಲಿ ಇದೆ, ಎಲ್ಲವೂ ಅದರಲ್ಲಿರುತ್ತಿತ್ತು. ಓದುಗರು ಮಾತ್ರ ಇರಲಿಲ್ಲ.

ಇದು ಅವನ ಅನುಮಾನವಲ್ಲ, ಪ್ರಯೋಗ ಮಾಡಿ ಕಂಡುಕೊಂಡ ಸತ್ಯ. ನಾಲ್ಕು ವರ್ಷದ ಹಿಂದೆ ಐದನೇ ಪುಟದ ಕೊನೆಯಲ್ಲಿ, ಎರಡು ವಿಚಾರ ಸಂಕಿರಣಗಳ ನಡುವೆ, ‘ಈ ಸಾಲು ಓದಿದವರಿಗೆ ಸಂಪಾದಕರು ಒಂದು ಕಾಫಿ ಕೊಡಿಸುತ್ತಾರೆ’ ಎಂದು ಸೇರಿಸಿದ್ದ. ಒಂದು ತಿಂಗಳು ಕಾದ. ಕಾಫಿ ಕೇಳಿಕೊಂಡು ಒಂದು ನರಪಿಳ್ಳೆಯೂ ಬರಲಿಲ್ಲ. ಅಂದಿನಿಂದ ಅವನೂ ಓದುವುದನ್ನು ಬಿಟ್ಟ. ಬಂದ ಪ್ರಕಟಣೆಯ ತಲೆಬರಹ ನೋಡಿ ಅಂಟಿಸುತ್ತಿದ್ದ, ಅಷ್ಟೆ.

“ನೀವು ಬರೆದಿದ್ದನ್ನ ನೀವಾದ್ರೂ ಓದ್ತೀರಾ?” ಎಂದು ಒಮ್ಮೆ ಹೆಂಡತಿ ಕೇಳಿದ್ದಳು.

“ಅಡುಗೆ ಭಟ್ಟ ತಾನೇ ಬಡಿಸ್ಕೊಂಡು ಊಟ ಮಾಡ್ತಾನಾ?” ಎಂದಿದ್ದ.

“ರುಚಿಯಾದ್ರೂ ನೋಡ್ತಾನೆ” ಎಂದು ಅವಳು ಒಳಗೆ ಹೋಗಿದ್ದಳು.

ಪಕ್ಕದ ಕುರ್ಚಿಗೆ ಎರಡು ವರ್ಷದ ಹಿಂದೆ ಬಂದವಳು ವಿಡಿಯೊ ಹುಡುಗಿ. ಪ್ರಯೋಗಾಲಯಗಳಿಗೆ ನುಗ್ಗಿ, ಡಾಕ್ಟರುಗಳನ್ನು ಒಂದೊಂದು ನಿಮಿಷ ಮಾತಾಡಿಸಿ, ಪುಟ್ಟ ಪುಟ್ಟ ವಿಡಿಯೊ ಮಾಡುತ್ತಿದ್ದಳು. ಅವನ್ನು ಊರೆಲ್ಲ ನೋಡುತ್ತಿತ್ತು. ಮಾಹಿತಿ ವಿಭಾಗಕ್ಕೆ ಒಬ್ಬ ಮುಖ್ಯಸ್ಥರನ್ನು ನೇಮಿಸುತ್ತಾರೆ ಎಂಬ ಸುದ್ದಿ ಹಬ್ಬಿದಾಗ, ಅದು ಅವಳಿಗೇ ಎಂದು ಎಲ್ಲರೂ ಮಾತಾಡಿಕೊಂಡರು. ಹನ್ನೊಂದು ವರ್ಷ ಮಣ್ಣು ಹೊತ್ತವನು ಅಲ್ಲೇ ಕೂತಿದ್ದಾನೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

“ಸರ್, ಆ ಪೋಸ್ಟಿಗೆ ಯಾವಾಗ ಕರೀತಾರೆ?” ಎಂದು ಅವಳು ಅವನನ್ನೇ ಕೇಳಿದಳು.

“ಬರುತ್ತಮ್ಮ. ಬುಲೆಟಿನ್‌ನಲ್ಲೇ ಬರುತ್ತೆ.”

ಈ ಮಾತು ಬಾಯಿಂದ ಹೊರಬಿದ್ದ ಕ್ಷಣದಲ್ಲೇ ಅವನಿಗೆ ಇಡೀ ಉಪಾಯ ಹೊಳೆಯಿತು. ನಿಯಮ ಸರಳ. ಯಾವುದೇ ಹುದ್ದೆಯನ್ನು ಬುಲೆಟಿನ್‌ನಲ್ಲಿ ಪ್ರಕಟಿಸಬೇಕು, ಹದಿನೈದು ದಿನ ಕಾಯಬೇಕು, ಬಂದ ಅರ್ಜಿಗಳಲ್ಲಿ ಆರಿಸಬೇಕು. ಒಂದೇ ಅರ್ಜಿ ಬಂದರೆ ಆರಿಸುವ ಕಷ್ಟವೂ ಇಲ್ಲ. ಪ್ರಕಟಿಸದಿದ್ದರೆ ಅದು ಅಪರಾಧ. ಪ್ರಕಟಿಸಿಯೂ ಯಾರ ಕಣ್ಣಿಗೂ ಬೀಳದಂತೆ ಮಾಡಿದರೆ ಅದು ಪುಟ ವಿನ್ಯಾಸ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಆದರೆ ‘ಯಾರೂ ಓದುವುದಿಲ್ಲ’ ಎಂಬುದೊಂದನ್ನೇ ನಂಬಿ ಕೂರುವ ಅವಿವೇಕಿ ಅವನಲ್ಲ. ಕೆಲಸದ ಆಸೆಯಿದ್ದವರು ‘ಅವಕಾಶಗಳು’ ಪುಟವನ್ನಾದರೂ ತಿರುವಿ ಹಾಕಬಹುದು. ಆದ್ದರಿಂದ ಹುದ್ದೆಯ ಪ್ರಕಟಣೆ ಆ ಪುಟದಲ್ಲಿ ಇರಬಾರದು. ಬೇರೆ ಪುಟದಲ್ಲಿ ಒಂಟಿಯಾಗಿ ಇದ್ದರೂ ಕಣ್ಣಿಗೆ ಬೀಳುತ್ತದೆ. ಕಣ್ಣು ಜಾರಿಹೋಗುವಂಥ ಯಾವುದಾದರೂ ನೀರಸ ಪ್ರಕಟಣೆಯ ಹೊಟ್ಟೆಯೊಳಗೆ ಅದನ್ನು ಇಡಬೇಕು. ಅಂಥದ್ದೊಂದಕ್ಕಾಗಿ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ.

ಬುಧವಾರ ಬೆಳಿಗ್ಗೆ ಅದು ತಾನಾಗಿಯೇ ಬಂತು. ಕಳುಹಿಸಿದವರು ಎರಡನೇ ಮಹಡಿಯ ರಕ್ತದ ಡಾಕ್ಟರಮ್ಮ. ರೋಗದ ಲಕ್ಷಣ ಕಾಣುವ ಮೊದಲೇ ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಹಿಡಿಯುವುದು ಅವರ ಸಂಶೋಧನೆ. ಹಿಂದಿನ ವರ್ಷ ಕೇಂದ್ರದ ಸಿಬ್ಬಂದಿಯಲ್ಲೇ ಇನ್ನೂರೈವತ್ತು ಜನರ ರಕ್ತ ತೆಗೆದುಕೊಂಡಿದ್ದರು. ಜನ ಅಂಜದೆ ಬರಲಿ ಎಂದು ಯಾರ ಹೆಸರನ್ನೂ ಬರೆದುಕೊಂಡಿರಲಿಲ್ಲ, ಬರೀ ನಂಬರು. ಯಾವ ನಂಬರು ಯಾರದೆಂದು ಅವರಿಗೂ ತಿಳಿಯದು. ಈಗ ಅವರು ಬರೆದಿದ್ದರು: ‘ತುರ್ತು. ಕೆಳಗಿನ ಹನ್ನೊಂದು ನಂಬರಿನವರು ಕೂಡಲೇ ನನ್ನನ್ನು ಕಾಣಬೇಕು. ಈಗ ಬಂದರೆ ಚಿಕಿತ್ಸೆ ಸುಲಭ, ತಡವಾದರೆ ಕಷ್ಟ. ದಯವಿಟ್ಟು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.’

ಅದರ ಕೆಳಗೆ ನಂಬರುಗಳ ಸಾಲು. ನಂಬರುಗಳ ಸಾಲಿಗಿಂತ ಒಳ್ಳೆಯ ಅಡಗುದಾಣ ಪ್ರಪಂಚದಲ್ಲಿಲ್ಲ.

ಅವನು ಅವಸರ ಮಾಡಲಿಲ್ಲ. ‘ತುರ್ತು’ ಎಂಬ ಪದ ಕಣ್ಣು ಸೆಳೆಯುತ್ತದೆ, ತೆಗೆದ. ತಲೆಬರಹವನ್ನು ‘ರಕ್ತ ಮಾದರಿ ಸಂಗ್ರಹಣೆ: ಎರಡನೇ ಹಂತದ ಸಂಖ್ಯಾವಾರು ವಿವರ’ ಎಂದು ಬದಲಿಸಿದ. ಓದಿ ನೋಡಿಕೊಂಡರೆ ಅವನಿಗೇ ಆಕಳಿಕೆ ಬಂತು. ಡಾಕ್ಟರಮ್ಮನ ಎರಡು ವಾಕ್ಯ, ಅದರ ಬೆನ್ನಿಗೇ ಮುಖ್ಯಸ್ಥರ ಹುದ್ದೆಯ ಮೂರು ವಾಕ್ಯ, ಅದರ ಬೆನ್ನಿಗೆ ನಂಬರುಗಳು. ನಡುವೆ ಪ್ಯಾರಾ ಕೂಡ ಒಡೆಯದೆ ಎಲ್ಲವನ್ನೂ ಒಂದೇ ಮುದ್ದೆ ಮಾಡಿದ. ಅಕ್ಷರದ ಗಾತ್ರವನ್ನು ಏಳಕ್ಕೆ ಇಳಿಸಿದ. ಆರನೇ ಪುಟದ ತಳಕ್ಕೆ ತಳ್ಳಿದ. ನಂಬರುಗಳನ್ನು ಓದಲಿಲ್ಲ. ಹನ್ನೊಂದು ವರ್ಷದಲ್ಲಿ ಬುಲೆಟಿನ್‌ನಲ್ಲಿ ಬಂದ ಒಂದು ಅಕ್ಷರವೂ ಅವನಿಗೆ ಸಂಬಂಧಿಸಿದ್ದಾಗಿರಲಿಲ್ಲ. ಪ್ರಕಟಣೆಗಳು ಯಾವತ್ತೂ ಬೇರೆಯವರಿಗೆ.

ಆ ಹನ್ನೊಂದು ಜನರ ಬಗ್ಗೆ ಅವನಿಗೆ ಕನಿಕರ ಇರಲಿಲ್ಲವೆಂದಲ್ಲ. ಅರ್ಜಿಯ ಗಡುವು ಮುಗಿದ ಮಾರನೇ ದಿನವೇ ನಂಬರುಗಳನ್ನು ಮೊದಲ ಪುಟಕ್ಕೆ ಹಾಕುವುದೆಂದು ತೀರ್ಮಾನಿಸಿದ. ಹದಿನೈದು ದಿನದಲ್ಲಿ ಯಾರ ತಲೆಯೂ ಹೋಗುವುದಿಲ್ಲ. ಇಷ್ಟು ಯೋಚಿಸುವ ಅಪರಾಧಿ ಎಲ್ಲಿ ಸಿಗುತ್ತಾನೆ ಎಂದು ತನ್ನ ಮೇಲೆ ತನಗೇ ಗೌರವ ಮೂಡಿತು.

ಒಂದು ಪ್ರತಿ ಮುದ್ರಿಸಿ ಮುಂಬಾಗಿಲಿಗೆ ಹೋದ. ಅಲ್ಲಿ ಸ್ಟೂಲಿನ ಮೇಲೆ ಕಾವಲುಗಾರ ಕೂತಿರುತ್ತಿದ್ದ. ಎಲ್ಲರೂ ಅವನನ್ನು ತಾತ ಎನ್ನುತ್ತಿದ್ದರು. ಮಳೆಗಾಲದಲ್ಲಿ ಒದ್ದೆ ಛತ್ರಿಗಳನ್ನು ಇಸಿದುಕೊಂಡು ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸುವುದು, ಸಂಜೆ ಹಿಂತಿರುಗಿಸುವುದು ಅವನ ಇನ್ನೊಂದು ಕೆಲಸ. ಕೇಂದ್ರದ ಮುಕ್ಕಾಲು ಜನರ ಛತ್ರಿ ಒಂದೇ ನೀಲಿ, ಹಿಂದಿನ ವರ್ಷ ಪುಕ್ಕಟೆ ಸಿಕ್ಕಿದ್ದು. ಹಿಡಿಗೆ ಕಟ್ಟಿದ್ದ ಪ್ಲಾಸ್ಟಿಕ್ ಬಿಲ್ಲೆ ನೋಡಿಯೇ ತಾತ ಯಾರದು ಯಾವುದೆಂದು ಗುರುತಿಸುತ್ತಿದ್ದ. ಅವನಿಗೆ ಜನರ ಹೆಸರಿಗಿಂತ ಬಿಲ್ಲೆಯೇ ಚೆನ್ನಾಗಿ ಬಾಯಿಪಾಠ.

“ಹೊಸ ಬುಲೆಟಿನ್ ಬಂತಾ ಸರ್?” ಎಂದ ತಾತ.

“ಬಂತು ತಾತ. ಮಾಮೂಲಿ” ಎಂದು ಆರೂ ಪುಟಗಳನ್ನು ಸಾಲಾಗಿ ಹರಡಿ ನಾಲ್ಕು ಮೂಲೆಗೂ ಪಿನ್ನು ಚುಚ್ಚಿದ.

ಹದಿನೈದು ದಿನ ಕಳೆಯಿತು. ಬಂದದ್ದು ಒಂದೇ ಅರ್ಜಿ. ಸಂದರ್ಶನದಲ್ಲಿ ನಿರ್ದೇಶಕರು ಅರ್ಜಿಯನ್ನು ತಿರುಗಿಸಿ ನೋಡಿ, “ಏನ್ರೀ, ಇಷ್ಟು ದೊಡ್ಡ ಕೇಂದ್ರದಲ್ಲಿ ಯಾರಿಗೂ ಆಸೆ ಇಲ್ವಾ?” ಎಂದರು.

“ಪ್ರಕಟಣೆ ಎಲ್ಲರಿಗೂ ಹೋಗಿದೆ ಸರ್” ಎಂದ. ಅಪ್ಪಟ ಸತ್ಯ.

ಸಂದರ್ಶನದ ಮರುದಿನ ರಕ್ತದ ಡಾಕ್ಟರಮ್ಮ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದರು. “ಬುಲೆಟಿನ್ ಸರ್, ಮೂಲೆಗೆ ಹಾಕಿಬಿಟ್ರಲ್ಲ ಅಂತ ಕೋಪ ಬಂದಿತ್ತು. ಆದ್ರೂ ನೋಡಿ, ಹತ್ತು ಜನ ಬಂದ್ರು! ನಿಮ್ಮ ಬುಲೆಟಿನ್ ಓದೋರಿದಾರೆ. ಒಬ್ಬರು ಮಾತ್ರ ಬಾಕಿ. ಇನ್ನೊಂದ್ಸಲ ಹಾಕ್ತೀರಾ?”

“ಖಂಡಿತ ಡಾಕ್ಟ್ರೇ” ಎಂದ. ಹತ್ತು ಜನ ಓದಿದ್ದಾರೆ ಎಂಬ ಸುದ್ದಿಯಿಂದ ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಆಮೇಲೆ ಯೋಚಿಸಿದ: ನಂಬರು ಓದಿದವರು ಹುದ್ದೆಯನ್ನೂ ಓದಿದ್ದರೆ ಒಬ್ಬನಾದರೂ ಅರ್ಜಿ ಹಾಕುತ್ತಿದ್ದ. ಜೀವದ ಮೇಲಿನ ಆಸೆ ದೊಡ್ಡದು, ತನ್ನ ನಂಬರು ಹುಡುಕುವವನಿಗೆ ಬೇರೇನೂ ಕಾಣುವುದಿಲ್ಲ. ಹೀಗೆ ಸಮಾಧಾನ ಮಾಡಿಕೊಂಡ. ನೇಮಕದ ಆದೇಶಕ್ಕೆ ಸಹಿ ಬೀಳುವ ಮುನ್ನ ಆ ಪ್ರಕಟಣೆಯನ್ನು ಕೆದಕುವುದು ಬೇಡವೆಂದು ಮುಂದಿನ ಸಂಚಿಕೆಯಲ್ಲೂ ಹಾಕಲಿಲ್ಲ.

ಆದೇಶ ಬಂತು. ವಿಡಿಯೊ ಹುಡುಗಿ ಬಂದು ಕೈ ಕುಲುಕಿದಳು. “ನಾನೇ ನೋಡ್ಲಿಲ್ಲ ಸರ್, ನನ್ನದೇ ತಪ್ಪು” ಎಂದಳು. ಅವಳ ದನಿಯಲ್ಲಿ ಕೊಂಕು ಇದ್ದಿದ್ದರೆ ಅವನಿಗೆ ಇನ್ನಷ್ಟು ಖುಷಿಯಾಗುತ್ತಿತ್ತು. ಇರಲಿಲ್ಲ. ಆ ಒಂದು ಕ್ಷಣ ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆ ಕಳೆಯಲೆಂದು ಬುಲೆಟಿನ್ ಕೆಲಸವನ್ನು ಅವಳಿಗೇ ವಹಿಸಿದ.

ಗಾಜಿನ ಕೋಣೆ, ತಿರುಗುವ ಕುರ್ಚಿ, ಮೂರನೇ ಮಹಡಿ. ಹುಡುಗಿ ತಪ್ಪದೆ ಬುಲೆಟಿನ್ ಕಳಿಸುತ್ತಿದ್ದಳು. ಮೊದಲ ಪುಟದಲ್ಲೇ ಏನೋ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದಾಳೆಂದು ಯಾರೋ ಹೇಳಿದರು. ಅವನು ಎಲ್ಲರ ಹಾಗೆ ತೆರೆಯದೆ ಅಳಿಸಿಹಾಕುತ್ತಿದ್ದ. ಮುಖ್ಯಸ್ಥರಾದವರು ಬುಲೆಟಿನ್ ಓದುತ್ತಾ ಕೂರುವುದು ಶೋಭೆಯಲ್ಲ. ಮೂರು ತಿಂಗಳಲ್ಲಿ ಬೆಲ್ಟಿಗೆ ಎರಡು ಹೊಸ ತೂತು ಕೊರೆಸಿದ. “ಯಾಕ್ರೀ ಹೀಗೆ ಇಳಿದುಹೋಗಿದೀರಿ?” ಎಂದು ಹೆಂಡತಿ ಕೇಳಿದರೆ, ಮೂರು ಮಹಡಿ ಹತ್ತಿ ಇಳಿಯುವುದರ ಲಾಭ ಎಂದ.

ಒಂದು ಸಂಜೆ ಮಳೆ ಹಿಡಿಯಿತು. ಛತ್ರಿಗೆಂದು ಬಾಗಿಲ ಬಳಿ ನಿಂತಾಗ ತಾತ ನಕ್ಕ. “ಸರ್, ಈಗ ದೊಡ್ಡೋರಾದ್ರಿ. ಈಗಲಾದ್ರೂ ನನ್ನ ಕಾಫಿ ಕೊಡಿಸ್ತೀರಾ?”

“ಯಾವ ಕಾಫಿ ತಾತ?”

“ನಾಲ್ಕು ವರ್ಷದ ಹಿಂದೆ ಐದನೇ ಪುಟದಲ್ಲಿ ಹಾಕಿದ್ರಲ್ಲ. ಕೇಳೋಕೆ ಸಂಕೋಚ ಆಯ್ತು. ಇಲ್ಲಿ ಕೂತು ಇನ್ನೇನ್ ಮಾಡ್ಲಿ, ಅಂಟಿಸಿದ್ದನ್ನೆಲ್ಲ ಓದ್ತೀನಿ.”

ಅವನು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. “ಹಾಗಾದ್ರೆ ಈ ಹುದ್ದೆ ವಿಷಯ...”

“ಅದನ್ನೂ ಓದ್ದೆ. ಕನ್ನಡಕದ ಮೇಲೆ ಭೂತಗನ್ನಡಿ ಇಟ್ಕೊಂಡು. ಆ ವಿಡಿಯೊ ಮೇಡಮ್‌ಗೆ ಹೇಳೋಣ ಅನ್ಕೊಂಡೆ. ಪಕ್ಕದಲ್ಲೇ ಕೂರೋರು, ನೀವೇ ಹೇಳಿರ್ತೀರಿ ಅಂತ ಬಿಟ್ಟೆ.”

ಹೋದ ಜೀವ ಬಂದಂತಾಯಿತು. ಇದ್ದ ಒಬ್ಬನೇ ಓದುಗ, ಅವನೂ ತನ್ನನ್ನು ಒಳ್ಳೆಯವನೆಂದು ತಿಳಿದಿದ್ದಾನೆ. ನಾಳೆ ಕಾಫಿಯೇನು, ಜೊತೆಗೆ ತಿಂಡಿಯನ್ನೂ ಕೊಡಿಸುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿ ಕೈ ಚಾಚಿದ.

ತಾತ ಸ್ಟ್ಯಾಂಡಿನಿಂದ ನೀಲಿ ಛತ್ರಿಯೊಂದನ್ನು ಎಳೆದು, ಬಿಲ್ಲೆ ನೋಡಿ, ನೀರು ಕೊಡವಿದ. “ಅದರ ಜೊತೆಗೇ ಇತ್ತಲ್ಲ ಸರ್, ಆ ರಕ್ತದ ನಂಬರುಗಳು. ರಕ್ತ ಕೊಟ್ಟೋರಿಗೆ ತಾನೇ ಈ ಛತ್ರಿ ಕೊಟ್ಟಿದ್ದು, ಟ್ಯೂಬಿಗೂ ಬಿಲ್ಲೆಗೂ ಒಂದೇ ನಂಬರು. ಅದಕ್ಕೇ ಛತ್ರಿ ಕೊಡೋವಾಗ ಒಬ್ಬೊಬ್ಬರಿಗೂ ಹೇಳ್ದೆ, ನಿಮ್ಮ ನಂಬರ್ ಬಂದಿದೆ, ಎರಡನೇ ಮಹಡಿಗೆ ಹೋಗಿ ಬನ್ನಿ ಅಂತ. ಹತ್ತು ಜನಕ್ಕೂ ನಾನೇ ಹೇಳಿದ್ದು. ನಿಮಗೊಬ್ಬರಿಗೆ ಹೇಳ್ಲಿಲ್ಲ. ಹಾಕಿದೋರೇ ನೀವು, ನೋಡೇ ಇರ್ತೀರಲ್ಲ ಅಂತ. ಇಲ್ನೋಡಿ, ತಗೊಳ್ಳಿ. ಇನ್ನೂರ ಹದಿನಾಲ್ಕು.”