ಟರ್ಬೊ ತಣಿಯುವ ಒಂದು ನಿಮಿಷ

ಫಾರ್ಮಿನ ಮೂರನೆಯ ಸಾಲನ್ನು ಅವನು ಖಾಲಿ ಬಿಟ್ಟಿದ್ದ.

ಉಳಿದದ್ದೆಲ್ಲ ತುಂಬಿತ್ತು. ಫೋನ್ ನಂಬರು, ಹಿಂದೆ ಓಡಿಸಿದ ಕಾರು, ಉದ್ಯೋಗದ ಜಾಗದಲ್ಲಿ ದುಂಡಗೆ ‘ಫಿಸಿಯೋಥೆರಪಿಸ್ಟ್’. ‘ದಿನವೂ ಎಲ್ಲಿ ಓಡಿಸುತ್ತೀರಿ?’ ಎಂಬಲ್ಲಿ ಮಾತ್ರ ಏನೂ ಇರಲಿಲ್ಲ.

“ಇದೊಂದು ಬಿಟ್ಟಿದೀರಿ,” ಎಂದಳು ಅವಳು.

“ಗೊತ್ತಿಲ್ಲ, ಅದಕ್ಕೇ.”

“ದಿನಾ ಎಲ್ಲಿಗೆ ಹೋಗ್ತೀರಿ ಅಂತ ನಿಮಗೇ ಗೊತ್ತಿಲ್ವಾ?”

“ಇವತ್ತಿಂದು ಗೊತ್ತು. ಮುಂದಿನ ತಿಂಗಳಿಂದು ಗೊತ್ತಿಲ್ಲ.” ಅವನು ಪೆನ್ನಿನ ಮುಚ್ಚಳ ಹಾಕಿ ಅವಳ ಕಡೆ ತಳ್ಳಿದ. “ಕಾರು ನೋಡಿ ಹೇಳೋರು ನೀವು. ನನ್ನನ್ನೂ ಸ್ವಲ್ಪ ನೋಡಿ ಹೇಳಿ.”

ಅವಳು ತಲೆ ತಗ್ಗಿಸಿ ಫಾರ್ಮನ್ನು ಫೈಲಿಗೆ ಸೇರಿಸಿದಳು. ಕಿವಿಯ ತುದಿ ಬಿಸಿಯಾದದ್ದು ಅವಳಿಗೇ ತಿಳಿಯಿತು.

ಅದು ಅವಳ ಚಿಕ್ಕಪ್ಪನ ಅಂಗಡಿ. ವೇಗದ ಹಳೆಯ ಕಾರುಗಳನ್ನು ರಿಪೇರಿ ಮಾಡಿ ಮಾರುತ್ತಿದ್ದರು. ಗಿರಾಕಿಯ ಪಕ್ಕದಲ್ಲಿ ಕೂತು ಒಂದೆರಡು ಸುತ್ತು ಹೋಗಿ ಬಂದು, ಯಾರಿಗೆ ಯಾವ ಕಾರು ಎಂದು ಬರೆದುಕೊಡುವುದು ಅವಳ ಕೆಲಸ. ಬಾನೆಟ್ ತೆರೆಯದೆಯೇ, ಒಳಗಿನ ಯಾವ ಬೇರಿಂಗು ಇನ್ನು ಒಂದು ತಿಂಗಳು ಬಾಳುವುದಿಲ್ಲ ಎಂದು ಹೇಳಬಲ್ಲವಳು. ಅದಕ್ಕೇ ಮೆಕ್ಯಾನಿಕ್‌ಗಳೆಲ್ಲ ಅವಳನ್ನು ‘ಕಿವಿ ಮೇಡಂ’ ಎನ್ನುತ್ತಿದ್ದರು. ಬಾಯಿಯ ವಿಷಯದಲ್ಲಿ ಮಾತ್ರ ಅವಳಿಗೆ ಭಯ. ಮಾತು ಆಡಿದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದನ್ನು ಅಕ್ಷರಶಃ ನಂಬಿಬಿಟ್ಟಿದ್ದಳು.

ಅವನು ಮೆಚ್ಚಿದ್ದು ಎರಡು ಕಾರು. ಕೆಂಪು ಬಣ್ಣದ್ದಕ್ಕೆ ಟರ್ಬೊ ಇಲ್ಲ. ಎಂಜಿನ್ ತನಗೆ ಬೇಕಾದಷ್ಟು ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಬೂದು ಬಣ್ಣದ್ದಕ್ಕೆ ಟರ್ಬೊ. ಹೊರಗೆ ಹೋಗುವ ಹೊಗೆಯೇ ಒಂದು ಪುಟ್ಟ ಚಕ್ರ ತಿರುಗಿಸಿ, ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ.

ಮೊದಲ ಶನಿವಾರ ಕೆಂಪು ಕಾರಿನಲ್ಲಿ ಊರೊಳಗೆ ಸುತ್ತಿದರು.

“ಕಾಲು ಎಷ್ಟು ಒತ್ತಿದ್ರೆ ಅಷ್ಟೇ, ಆಗಿಂದಾಗ್ಲೇ,” ಎಂದಳು. “ಇದರ ಹತ್ತಿರ ಮುಚ್ಚುಮರೆ ಇಲ್ಲ. ಆದ್ರೆ ಪೂರ್ತಿ ಶಕ್ತಿ ಬೇಕು ಅಂದ್ರೆ ಎಂಜಿನ್ ವೇಗ ಮೇಲಕ್ಕೆ ಏರಿಸ್ಬೇಕು. ಹಾಡಿಸಿ ಓಡಿಸ್ಬೇಕು.”

ಸಿಗ್ನಲ್ ಬಳಿ ಮುಂದಿನ ಬಸ್ಸು ತಟ್ಟನೆ ನಿಂತಿತು. ಅವನು ಬ್ರೇಕ್ ಒತ್ತಿದ. ಅವಳ ಬಲಗಾಲೂ ನೆಲವನ್ನು ಒತ್ತಿತು.

“ನಿಮ್ಮ ಕಡೆ ಬ್ರೇಕ್ ಇಲ್ಲ ರೀ.”

“ಅಭ್ಯಾಸ.”

“ಭುಜನೂ ಅಭ್ಯಾಸವಾ? ಬಲಭುಜ ಯಾವಾಗ್ಲೂ ಕಿವಿ ಪಕ್ಕದಲ್ಲೇ ಇರುತ್ತೆ. ನೋವು ಬರುತ್ತೆ, ಕೆಳಗಿಳಿಸಿ.”

“ಅದೂ ಕೇಳಿಸ್ಕೊಳ್ಳೋಕೆ ಹೋಗಿರುತ್ತೆ.”

ಅವನು ಸಿಗ್ನಲ್ ಹಸಿರಾದದ್ದನ್ನೂ ಮರೆತು ನಕ್ಕ. ಹಿಂದಿನವರು ಹಾರ್ನ್ ಹೊಡೆದರು. ಆ ನಗುವನ್ನು ಅವಳು ಮನೆಯ ತನಕ ಒಯ್ದಳು.

ಎರಡನೆಯ ಶನಿವಾರ ಬೂದು ಕಾರಿನಲ್ಲಿ ಬೆಟ್ಟದ ರಸ್ತೆ ಹತ್ತಿದರು. ತಿರುವು ಮುಗಿದು ಅವನು ಕಾಲು ಒತ್ತಿದಾಗ ಕಾರು ಒಂದು ಕ್ಷಣ ಯೋಚಿಸಿತು, ಆಮೇಲೆ ಬೆನ್ನು ಸೀಟಿಗೆ ಅಂಟಿತು.

“ಇದು ಸ್ವಲ್ಪ ನಿಮ್ಮ ಥರ,” ಎಂದ ಅವನು. “ಕೇಳಿದ್ದಕ್ಕೆ ಉತ್ತರ ಬರುತ್ತೆ. ಲೇಟಾಗಿ ಬರುತ್ತೆ.”

ಅದಕ್ಕೆ ಏನು ಹೇಳಬೇಕೆಂದು ಅವಳು ಯೋಚಿಸುವಷ್ಟರಲ್ಲಿ ಮೂರು ತಿರುವು ಕಳೆದಿದ್ದವು.

ಮೇಲೆ, ಗಾಳಿ ತೆಳ್ಳಗಾದ ಕಡೆ ಕಾರು ನಿಲ್ಲಿಸಿ, ಆಚೆಯ ಇಳಿಜಾರಿನ ಊರನ್ನು ತೋರಿಸಿದ. ಅಲ್ಲಿನ ಮಕ್ಕಳ ಆಸ್ಪತ್ರೆ ಅವನನ್ನು ಕರೆದಿತ್ತು. ಅವನ ಅಕ್ಕ ಅಲ್ಲೇ ಇದ್ದಳು. ಅದೇ ಆಸ್ಪತ್ರೆಯಲ್ಲಿ ಔಷಧಿ ವಿಭಾಗದಲ್ಲಿರುವ ಒಬ್ಬ ಹುಡುಗಿಯನ್ನು ತಮ್ಮನಿಗೆಂದು ನೋಡಿಟ್ಟಿದ್ದಳು. ಎರಡಕ್ಕೂ ಅವನು ಇನ್ನೂ ಉತ್ತರ ಕೊಟ್ಟಿರಲಿಲ್ಲ.

“ಇಲ್ಲಿ ದಿನಾ ಓಡಿಸೋದಾದ್ರೆ?” ಎಂದು ಕೇಳಿದ, ಅವಳ ಮುಖವನ್ನೇ ನೋಡುತ್ತ.

“ಟರ್ಬೊ. ಈ ಎತ್ತರದಲ್ಲಿ ಕೆಂಪು ಕಾರಿಗೆ ಉಸಿರು ಸಾಲಲ್ಲ.”

“ಕೆಳಗಡೆ, ಊರಲ್ಲೇ ಇರೋದಾದ್ರೆ?”

“ಕೆಂಪಿಂದು. ಮನೆಯಿಂದ ಕ್ಲಿನಿಕ್‌ಗೆ ಹತ್ತು ನಿಮಿಷ ಅಂದ್ರಲ್ಲ, ಅಷ್ಟರಲ್ಲಿ ಆಯಿಲ್ ಸರಿಯಾಗಿ ಬಿಸಿನೂ ಆಗಲ್ಲ. ದಿನಾ ಹಾಗೇ ಓಡಿದ್ರೆ ಟರ್ಬೊಗೆ ಒಳ್ಳೇದಲ್ಲ.”

“ನೀವಾಗಿದ್ರೆ?”

“ಅದು ಎಲ್ಲಿ ಓಡಿಸ್ತೀರಿ ಅನ್ನೋದರ ಮೇಲೆ ಹೋಗುತ್ತೆ,” ಎಂದಳು. ಅವನು ಮುಖ ತಿರುಗಿಸಿ ಗೇರು ಹಾಕಿದ.

ಮರಳಿ ಅಂಗಡಿಯ ಅಂಗಳಕ್ಕೆ ಬಂದಾಗ ಕೀಲಿಯತ್ತ ಹೋದ ಅವನ ಕೈಯನ್ನು ಅವಳು ತಡೆದಳು. ತಡೆದ ಮೇಲೆ ತನ್ನ ಬೆರಳು ಅವನ ಮಣಿಕಟ್ಟಿನ ಮೇಲಿರುವುದು ಕಂಡು ಸರಕ್ಕನೆ ಹಿಂತೆಗೆದಳು.

“ಈಗಲೇ ಆಫ್ ಮಾಡ್ಬೇಡಿ. ಜೋರಾಗಿ ಓಡಿ ಬಂದಿದೆ, ಟರ್ಬೊ ಕಾದಿರುತ್ತೆ. ಒಂದು ನಿಮಿಷ ಹಾಗೇ ಬಿಡಿ, ಆಯಿಲ್ ಹರಿದು ತಣ್ಣಗಾಗ್ಲಿ.”

“ಆ ಒಂದು ನಿಮಿಷ ನಾವೇನು ಮಾಡ್ಬೇಕು?”

“ಏನೂ ಮಾಡೋ ಹಾಗಿಲ್ಲ. ಸುಮ್ನೆ ಕೂತಿರೋದು.”

“ಈ ಕಾರಿನಲ್ಲಿ ನನಗೆ ಹಿಡಿಸಿದ್ದು ಇದೊಂದೇ,” ಎಂದ ಅವನು.

ಮೂರನೆಯ ಶನಿವಾರ ಅವನು ಕಾರು ಹತ್ತಲಿಲ್ಲ. ಕೌಂಟರಿನ ಮುಂದೆ ನಿಂತು, ಫೈಲಿನಲ್ಲಿದ್ದ ಫಾರ್ಮನ್ನು ಬೆರಳಿನಿಂದ ತೋರಿಸಿ, “ಆ ಸಾಲು ನೀವೇ ತುಂಬಿ. ನೀವು ಬರೆದಿದ್ದೇ ಕೊನೆ,” ಎಂದು ಹೇಳಿ ಹೊರಟುಹೋದ.

ಅವಳು ಮಂಗಳವಾರದವರೆಗೂ ಬರೆಯಲಿಲ್ಲ. ಅವತ್ತು ಮಧ್ಯಾಹ್ನ ಚಿಕ್ಕಪ್ಪ ಕೈ ಒರೆಸಿಕೊಳ್ಳುತ್ತ ಬಂದರು. “ಏನಮ್ಮಾ, ಎಷ್ಟು ದಿನ ಅಂತ ಅಡ್ಡಗೋಡೆ ಮೇಲೆ ದೀಪ ಇಡ್ತೀಯ? ಫಿಸಿಯೋ ಸಾರ್‌ಗೆ ಯಾವುದಾದ್ರೂ ಒಂದು ಹೇಳು.”

ಅವಳು ಪೆನ್ನು ತೆಗೆದುಕೊಂಡಳು. ‘ಈ ಊರಿನಲ್ಲಿ.’ ಎರಡೇ ಪದ, ನಾಲಿಗೆಯ ತುದಿಯಲ್ಲಿದ್ದವು. ಆದರೆ ಅವನು ಹಾಗೆಂದು ಹೇಳಿರಲಿಲ್ಲವಲ್ಲ. ಗಿರಾಕಿ ಹೇಳದ್ದನ್ನು ಅವಳು ಎಂದೂ ಬರೆದವಳಲ್ಲ. ಅಲ್ಲಿ ಕೆಲಸವಿದೆ, ಅಕ್ಕ ಇದ್ದಾಳೆ, ಕಾಯುತ್ತಿರುವ ಹುಡುಗಿಯಿದ್ದಾಳೆ. ಇಲ್ಲಿ ಏನಿದೆ? ಇಲ್ಲದ ಬ್ರೇಕು ಒತ್ತುವ ಒಬ್ಬಳು. ತನ್ನ ಆಸೆಯನ್ನು ಅವನ ಫಾರ್ಮಿನಲ್ಲಿ ಬರೆಯುವುದು ಮೋಸವೆನ್ನಿಸಿತು.

‘ಬೆಟ್ಟದ ರಸ್ತೆ’ ಎಂದು ಬರೆದಳು. ಕೆಳಗೆ: ‘ಬೂದು ಬಣ್ಣದ ಕಾರು ಸೂಕ್ತ.’ ಫೋಟೋ ತೆಗೆದು ಕಳಿಸಿದಳು.

ಬಹಳ ಹೊತ್ತಿನ ಮೇಲೆ ಅವನ ಉತ್ತರ ಬಂತು. ‘ಸರಿ.’

ಗುರುವಾರ ಬೆಳಿಗ್ಗೆ ಕಾರು ಕೊಡುವ ಮುನ್ನ ಕೊನೆಯ ಸುತ್ತು. ಹೆದ್ದಾರಿಯಲ್ಲಿ ಹೋಗಿ ಬಂದರು. ಅಂಗಳಕ್ಕೆ ಬಂದು ನಿಂತಾಗ ಅವನ ಎರಡೂ ಕೈ ಸ್ಟೇರಿಂಗಿನ ಮೇಲೇ ಉಳಿದವು.

“ಒಂದು ನಿಮಿಷ,” ಎಂದಳು ಅವಳು.

“ನೆನಪಿದೆ,” ಎಂದ ಅವನು. “ಆ ಸಾಲು ನಾನು ಗೊತ್ತಿಲ್ದೆ ಬಿಟ್ಟಿದ್ದಲ್ಲ. ಮೊದಲ ದಿನ ಹೌದು. ಆಮೇಲೆ ಅಲ್ಲ.”

“ಅಂದ್ರೆ?”

“ಈ ಊರು ಅಂತ ಬರೀತೀರೇನೋ ಅಂದ್ಕೊಂಡಿದ್ದೆ. ಬರೆದಿದ್ರೆ ಕೆಂಪು ಕಾರು ತಗೊಂಡು ಇಲ್ಲೇ ಇರ್ತಿದ್ದೆ.”

ಎಂಜಿನ್ ಸಮನಾಗಿ ಉಸಿರಾಡುತ್ತಿತ್ತು. ಅದರಲ್ಲಿ ಯಾವ ದೋಷವೂ ಅವಳಿಗೆ ಕೇಳಿಸಲಿಲ್ಲ.

“ನನ್ನ ಕೇಳಬಹುದಿತ್ತಲ್ಲ.”

“ಕೇಳಿದೆ. ಬೆಟ್ಟದ ಮೇಲೆ ಕೇಳಿದೆ, ಕೌಂಟರ್ ಹತ್ತಿರ ಕೇಳಿದೆ. ಕಾರಿನ ಮಾತಲ್ಲಿ ಕೇಳಿದೆ, ಅದು ನನ್ನ ತಪ್ಪು.”

“ನಾನು…” ಜೀವನದಲ್ಲಿ ಮೊದಲ ಸಲ ಅವಳು ಮನಸ್ಸಿನಲ್ಲಿ ವಾಕ್ಯ ಪೂರ್ತಿಯಾಗುವ ಮೊದಲೇ ಬಾಯಿ ತೆರೆದಳು. “ಈ ಊರು ಅಂತಾನೇ ಬರೀಬೇಕು ಅಂತಿದ್ದೆ. ಆಸೆ ನಂದು, ಫಾರ್ಮು ನಿಮ್ಮದು. ಅದಕ್ಕೇ ಕೈ ಬರಲಿಲ್ಲ. ನೀವು ಹೋಗೋದು ನನಗೆ ಬೇಡ.”

ಅವನು ಕಣ್ಣು ಮುಚ್ಚಿಕೊಂಡ.

“ನೀವು ಕಳಿಸಿದ ಫಾರ್ಮಿನ ಫೋಟೋ ಬಂದ ಸಂಜೆ ಅಕ್ಕನಿಗೆ ಹೂಂ ಅಂದೆ. ಆ ಹುಡುಗಿ ಜೊತೆನೂ ಮಾತಾಡಿದೆ. ತುಂಬಾ ಖುಷಿಪಟ್ಟಳು. ಒಳ್ಳೆಯವಳು ರೀ. ಅದೇ ಕಷ್ಟ.”

‘ಈಗಲಾದ್ರೂ ಅಕ್ಕನಿಗೆ ಬೇಡ ಅನ್ನಿ’ ಎಂಬ ಮಾತು ಅವಳ ಗಂಟಲಿನವರೆಗೆ ಬಂತು. ಬೆಟ್ಟದಾಚೆಯ ಊರಿನಲ್ಲಿ, ತಾನು ಕಂಡಿರದ ಒಬ್ಬಳು ಎರಡು ದಿನಗಳಿಂದ ನಗುತ್ತ ಓಡಾಡುತ್ತಿರಬಹುದು. ಆ ಮಾತನ್ನು ಅವಳು ನುಂಗಿಕೊಂಡಳು. ಈ ಸಲ ಭಯದಿಂದ ಅಲ್ಲ.

“ಭುಜ,” ಎಂದ ಅವನು, ಬಹಳ ಮೆಲ್ಲಗೆ. “ಕೆಳಗಿಳಿಸಿ.”

ಅವಳು ಇಳಿಸಿದಳು. ಅದರ ಜೊತೆಗೇ ಕಣ್ಣೀರು ಇಳಿಯಿತು.

ನಿಮಿಷ ಯಾವಾಗಲೋ ಮುಗಿದಿತ್ತು. ಚಿಕ್ಕಪ್ಪ ಷೆಡ್ಡಿನ ಬಾಗಿಲಿನಿಂದಲೇ ಕೂಗಿದರು. “ಏನಮ್ಮಾ, ಇನ್ನೂ ತಣ್ಣಗಾಗಿಲ್ವಾ?”

“ಆಯ್ತು ಚಿಕ್ಕಪ್ಪ.”

ಅವನ ಕೈ ಕದಲಲಿಲ್ಲ. ಕೊನೆಗೆ ಅವಳೇ ಕೈ ಚಾಚಿ ಕೀಲಿ ತಿರುಗಿಸಿದಳು.

ಕಾಗದಗಳಿಗೆ ಸಹಿ ಹಾಕಿ ಅವನು ಹೊರಟ. ಅವಳು ಗೇಟಿನಲ್ಲಿ ನಿಂತು ಕೇಳಿದಳು: ಎರಡನೇ ಗೇರು, ಮೂರನೇ ಗೇರು, ಟರ್ಬೊದ ಸಣ್ಣ ಶಿಳ್ಳೆ. ರಸ್ತೆ ತಿರುಗಿದ ಮೇಲೆ ಬೇರೆಯವರಿಗೆ ಸದ್ದು ನಿಂತಿತು. ಅವಳಿಗೆ ಇನ್ನೂ ಸ್ವಲ್ಪ ದೂರ ಕೇಳಿಸುತ್ತಿತ್ತು.

ಕೆಂಪು ಕಾರು ಇನ್ನೂ ಮಾರಾಟವಾಗಿಲ್ಲ. ನಿಂತಲ್ಲೇ ಬ್ಯಾಟರಿ ಸಾಯಬಾರದೆಂದು ಅವಳು ದಿನಾ ಬೆಳಿಗ್ಗೆ ಅದನ್ನು ಒಂದು ಸುತ್ತು ಓಡಿಸಿ ತರುತ್ತಾಳೆ. ತಂದು ನಿಲ್ಲಿಸಿ, ಎಂಜಿನ್ ಆರಿಸದೆ, ಪಕ್ಕದ ಖಾಲಿ ಸೀಟಿನ ಕಡೆ ನೋಡದೆ ಕೂತಿರುತ್ತಾಳೆ.

ಮೊನ್ನೆ ಚಿಕ್ಕಪ್ಪ ಕಿಟಕಿಯ ಬಳಿ ಬಗ್ಗಿದರು. “ಇದಕ್ಕೆ ಟರ್ಬೊ ಇಲ್ಲ ಕಣಮ್ಮ. ಬಂದ ತಕ್ಷಣ ಆಫ್ ಮಾಡಬಹುದು.”

“ಗೊತ್ತು ಚಿಕ್ಕಪ್ಪ,” ಎಂದಳು ಅವಳು. “ಒಂದು ನಿಮಿಷ.”